ಒಳಗೆ ಯಾರೂ ಇಲ್ಲ

ಭಾವ ಕಟ್ಟಿದ ಮನೆಬಸ್ಸಿಗೆ ಒಂದೇ ಮಧ್ಯಾಹ್ನ ಎರಡು ಸಲ ಬೆಂಕಿ ಹಚ್ಚಿದರು. ಮೊದಲ ಬೆಂಕಿ ಆರಿತು. ಎರಡನೆಯದು ಬಸ್ಸನ್ನು ಚಾಸಿಸ್‌ವರೆಗೆ ತಿಂದಿತು. ಆ ಎರಡರ ನಡುವೆ ಸಿಕ್ಕ ಚೂರು ಹೊತ್ತಿನಲ್ಲಿ ನಾವು ಒಬ್ಬ ಮನುಷ್ಯನನ್ನು ಹೊರಗೆ ಎಳೆದುಕೊಂಡೆವು. ಆಗ ನಾನು ಒಂದು ಕನ್ನಡ ದಿನಪತ್ರಿಕೆಯ ವರದಿಗಾರ. ಮರುದಿನದ ಪತ್ರಿಕೆಯಲ್ಲಿ ಇದಕ್ಕೆ ಸಿಕ್ಕ ಜಾಗ ಅರ್ಧ ಸಾಲು. ಅದು ತಪ್ಪೇನಲ್ಲ. ಆ ದಿನ ಊರಿನ ತುಂಬ ಇಂಥವೇ ನಡೆದಿದ್ದವು.

ಭಾವ, ಅಂದರೆ ಅಕ್ಕನ ಗಂಡ, ಬನ್ನೇರುಘಟ್ಟ ರಸ್ತೆಯಿಂದ ಅರೆಕೆರೆ ಕಡೆಗೆ ತಿರುಗುವ ಒಂದು ಓಣಿಯಲ್ಲಿ ಬಸ್ಸಿನ ಬಾಡಿ ಕಟ್ಟುವ ಶೆಡ್ ಇಟ್ಟಿದ್ದರು. ಸ್ಕೂಲ್ ವ್ಯಾನು, ಮಿನಿ ಬಸ್ಸು, ಆಗಾಗ ಒಂದು ಆಂಬುಲೆನ್ಸು. ತೊಂಬತ್ತರ ದಶಕದ ಕೊನೆಯಲ್ಲಿ ಅವರಿಗೆ ಮನೆಬಸ್ಸಿನ ಹುಚ್ಚು ಹತ್ತಿತು. ಮಲಗಲು ಜಾಗ, ಒಲೆ, ಸಿಂಕು, ಸಣ್ಣ ಕಕ್ಕಸು, ಚಾವಣಿಯ ಮೇಲೆ ನೀರಿನ ಟ್ಯಾಂಕು. ಒಂದು ಸಂಸಾರ ಅದರಲ್ಲೇ ಅಡುಗೆ ಮಾಡಿಕೊಂಡು ಕಾಶಿವರೆಗೆ ಹೋಗಿಬರಬೇಕು. ಜಯನಗರ, ಬಸವನಗುಡಿಯ ಮಡಿವಂತ ಮನೆಗಳವರು ಹೋಟೆಲ್ ಊಟ ಬೇಡ ಅನ್ನುತ್ತಾರೆ, ಅವರು ಸಾಲುಗಟ್ಟಿ ಬಾಡಿಗೆಗೆ ಕೇಳುತ್ತಾರೆ ಎಂದು ಭಾವನ ಲೆಕ್ಕ. ಹೊಸೂರಿನಲ್ಲಿ ಹಳೆಯ ಮಿನಿ ಬಸ್ಸೊಂದನ್ನು ಹಿಡಿದು ತಂದರು. ನಂಬರ್ ಪ್ಲೇಟು ಆ ಪಕ್ಕದ ರಾಜ್ಯದ್ದೇ. ಕೆಲಸವೆಲ್ಲ ಮುಗಿದ ಮೇಲೆ ಇಲ್ಲಿಗೆ ಬದಲಾಯಿಸಿಕೊಂಡರಾಯಿತು ಎಂದುಕೊಂಡಿದ್ದರು.

ಬೆಂಕಿಯ ಬಗ್ಗೆ ಭಾವನಿಗೆ ಇದ್ದ ಭಯ ಪುಸ್ತಕದಿಂದ ಬಂದದ್ದಲ್ಲ. ಹಿಂದೊಮ್ಮೆ ಶೆಡ್ಡಿನಲ್ಲಿ ವೆಲ್ಡಿಂಗ್ ಕಿಡಿಯೊಂದು ಫೋಮ್ ಹಾಳೆಗಳ ಮೇಲೆ ಬಿದ್ದು, ಯಾರೋ ಬಕೆಟ್ ಹುಡುಕಿ ತರುವಷ್ಟರಲ್ಲಿ ಅರ್ಧ ಕಟ್ಟಿದ ವ್ಯಾನು ಪಕ್ಕೆಲುಬು ಮಾತ್ರ ಉಳಿಸಿಕೊಂಡು ನಿಂತಿತ್ತು. ಕರಗಿದ ಫೋಮ್ ಭಾವನ ಮುಂಗೈಗೆ ಅಂಟಿಕೊಂಡು ಚರ್ಮದ ಜೊತೆಗೇ ಕಿತ್ತುಬಂದಿತ್ತು. ಆಮೇಲೆ ಅವರು ಮನೆಬಸ್ಸು ನೋಡಲು ಬಂದವರೆದುರು ತಗಡಿನ ತಟ್ಟೆಯಲ್ಲಿ ಒಂದು ತುಂಡು ಫೋಮ್ ಇಟ್ಟು ಕಡ್ಡಿ ಗೀರುತ್ತಿದ್ದರು. ಅದು ಕಪ್ಪಗೆ ತೊಟ್ಟಿಕ್ಕುತ್ತ ಉರಿಯುವುದನ್ನು ಕೊನೆಯವರೆಗೆ ತೋರಿಸುತ್ತಿದ್ದರು. “ನೋಡಿ, ನಿಮ್ಮ ಹಾಸಿಗೆ ಇದೇ. ಇದರ ಮೇಲೆ ಮಲಗ್ತೀರಿ, ಪಕ್ಕದಲ್ಲೇ ಒಲೆ” ಎನ್ನುತ್ತಿದ್ದರು. ಬಂದವರು ಹೆದರಿ ಹೋಗುತ್ತಿದ್ದರೇ ಹೊರತು ಬಾಡಿಗೆಯ ಮಾತು ಎತ್ತುತ್ತಿರಲಿಲ್ಲ.

ಬಸ್ಸಿನೊಳಗೆ ಅವರು ಎರಡು ಸಾಮಾನು ಹಾಕಿಸಿದರು. ಒಂದು, ಚಾವಣಿಗೆ ಅಂಟಿಸಿದ ಬಿಳಿ ಬಟ್ಟಲಿನಂಥ ಯಂತ್ರ. ಹೊಗೆ ಅದರ ಮೂಗಿಗೆ ಬಿದ್ದರೆ ಸೈರನ್ ಕೂಗುತ್ತದೆ. ಸೈರನ್ನು ಆಂಬುಲೆನ್ಸಿಗೆಂದು ತಂದಿದ್ದದ್ದು, ಆ ಸಣ್ಣ ಬಸ್ಸಿಗೆ ಮಿತಿಮೀರಿದ್ದು. ಇನ್ನೊಂದು, ಒಲೆಯ ಮೇಲ್ಗಡೆ ತೂಗುಹಾಕಿದ ಕೆಂಪು ಗುಂಡು ಸಿಲಿಂಡರು. ಅದರ ತಳದಲ್ಲಿ ಬೆರಳಿನ ತುದಿಯಷ್ಟು ಗಾಜಿನ ಗುಳಿಗೆ. ಬಿಸಿ ತಾಗಿದರೆ ಗಾಜು ಒಡೆಯುತ್ತದೆ, ಒಳಗಿನ ಪುಡಿ ರಭಸದಿಂದ ಕೆಳಗೆ ಸುರಿದು ಬೆಂಕಿಯನ್ನು ಮುಚ್ಚುತ್ತದೆ. ಯಾರೂ ಗುಂಡಿ ಒತ್ತಬೇಕಿಲ್ಲ. ಒಂದು ಸಲ ಸುರಿದರೆ ಮುಗಿಯಿತು, ಮತ್ತೆ ತುಂಬಿಸಬೇಕು.

ಯಂತ್ರ ಮೊದಲು ಕೂಗಿದ್ದು ಅಕ್ಕನ ಒಗ್ಗರಣೆಗೆ. ಕನಕಪುರ ರಸ್ತೆಯಲ್ಲಿ ಪರೀಕ್ಷೆಗೆಂದು ಬಸ್ಸು ಓಡಿಸಿಕೊಂಡು ಹೋಗಿ ಒಂದು ಹುಣಸೇಮರದ ಕೆಳಗೆ ನಿಲ್ಲಿಸಿದ್ದೆವು. ಅಕ್ಕ ಸಾರಿಗೆ ಒಣಮೆಣಸಿನಕಾಯಿ, ಇಂಗು ಹಾಕಿದಳು. ಸೈರನ್ ಬಾಯಿಬಿಟ್ಟಿತು. ಹೊಲದಲ್ಲಿದ್ದವರು ಯಾರೋ ಸತ್ತರೆಂದು ಓಡಿಬಂದರು.

“ಇದನ್ನ ಸುಮ್ಮನಿರಿಸ್ರೀ, ನನ್ನ ಕಿವಿ ಹೋಯ್ತು!” ಅಕ್ಕ ಸೌಟು ಹಿಡಿದೇ ಕೂಗಿದಳು.

“ಅದು ತನ್ನ ಕೆಲಸ ಮಾಡ್ತಿದೆ ಕಣೆ.”

“ನನ್ನ ಕೆಲಸ ನಾನು ಮಾಡೋದು ಬೇಡ್ವಾ? ಒಗ್ಗರಣೆ ಇಲ್ದೆ ಸಾರು ತಿಂತೀರಾ ನೀವು?”

ಶೆಡ್ಡಿನ ವೈರಿಂಗ್ ಕೆಲಸದವನು ಗದಗದ ಕಡೆಯವ, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ. ಅವನು ಒಲೆಯ ಪಕ್ಕ ಒಂದು ಸ್ವಿಚ್ಚು ಹಾಕಿಕೊಟ್ಟ. ಒಗ್ಗರಣೆಗೆ ಮುಂಚೆ ಆರಿಸುವುದು, ಆಮೇಲೆ ಹಾಕುವುದು. ಆರಿಸುವುದು ಎಲ್ಲರಿಗೂ ನೆನಪಿರುತ್ತಿತ್ತು, ಹಾಕುವುದು ಯಾರಿಗೂ ನೆನಪಿರುತ್ತಿರಲಿಲ್ಲ. ಊದುಬತ್ತಿಗೆ ಆರಿಸಿದರು, ಮಂಗಳಾರತಿಗೆ ಆರಿಸಿದರು, ದೋಸೆಗೆ ಆರಿಸಿದರು. ಭಾವ ಬಂದು ನೋಡಿದಾಗಲೆಲ್ಲ ಯಂತ್ರ ಸತ್ತಿರುತ್ತಿತ್ತು. ಒಂದು ಬೆಳಿಗ್ಗೆ ಅವರು ಸ್ಕ್ರೂಡ್ರೈವರ್ ತೆಗೆದುಕೊಂಡು ಸ್ವಿಚ್ಚನ್ನೇ ಕಿತ್ತು ಹಾಕಿದರು.

“ಸರ, ಯಾರರ ಒಳಗ ಕುಂತಾಗ ಸುಮ್ಮ ಸುಮ್ಮನ ಒದರಿದ್ರ ಏನ್ ಮಾಡಬೇಕ್ರಿ?” ವೈರ್‌ಮನ್ ಕೇಳಿದ.

“ಹೊರಗೆ ಬರಬೇಕು. ಅದಕ್ಕೇ ತಾನೆ ಅದು ಕೂಗೋದು.”

ಅವರ ಮಾತಿನಲ್ಲಿ ಹುಳುಕಿರಲಿಲ್ಲ. ಹೊರಗೆ ಬರಲಾಗದವನೊಬ್ಬ ಒಳಗೆ ಕೂತಿರಬಹುದೆಂದು ಯಾರೂ ಯೋಚಿಸಲಿಲ್ಲ, ಅಷ್ಟೆ.

ಆ ದಿನದ ಗಲಾಟೆ ಯಾತಕ್ಕೆ ಶುರುವಾಯಿತು ಎಂಬುದು ಇಲ್ಲಿ ಮುಖ್ಯವಲ್ಲ. ಆ ವರ್ಷಗಳಲ್ಲಿ ಅಂಥ ದಿನಗಳು ಹಲವು ಬಂದುಹೋದವು. ಬೆಳಿಗ್ಗೆ ಅಂಗಡಿಗಳು ತೆರೆದಿದ್ದವು. ಹನ್ನೊಂದರ ಹೊತ್ತಿಗೆ ಸುದ್ದಿ ಹಬ್ಬಿ ಶಟರುಗಳು ಒಂದೊಂದಾಗಿ ಕೆಳಗಿಳಿದವು. ನಾನು ಕಚೇರಿಯ ಆದೇಶದಂತೆ ಸ್ಕೂಟರಿನಲ್ಲಿ ಬನ್ನೇರುಘಟ್ಟ ರಸ್ತೆಗೆ ಬಂದೆ. ಬಿಳೇಕಹಳ್ಳಿಯ ಹತ್ತಿರ ರಸ್ತೆಗೆ ಅಡ್ಡಲಾಗಿ ಲಾರಿಯೊಂದನ್ನು ನಿಲ್ಲಿಸಿದ್ದರು. ಪಕ್ಕದ ರಾಜ್ಯದ ನಂಬರು. ಡ್ರೈವರನ್ನು ಕಾಲು ಹಿಡಿದು ಕ್ಯಾಬಿನ್ನಿನಿಂದ ಕೆಳಕ್ಕೆಳೆದರು. ಅವನ ತಲೆ ಮೆಟ್ಟಿಲಿಗೆ ಬಡಿದ ಸದ್ದು ನನಗೆ ಕೇಳಿಸಿತು. ಬಿದ್ದವನ ಬಾಯಿಯ ಮೇಲೆ ಒಬ್ಬ ಚಪ್ಪಲಿ ಕಾಲಿಟ್ಟು ತುಳಿದ. ಇನ್ನೊಬ್ಬ, ಇಸ್ತ್ರಿ ಮಾಡಿದ ಅಂಗಿ ತೊಟ್ಟವನು, ಎಲ್ಲಿಂದಲೋ ನಡೆದುಕೊಂಡು ಹೋಗುತ್ತಿದ್ದವನು, ಟಿಫಿನ್ ಕ್ಯಾರಿಯರ್ ಕೆಳಗಿಟ್ಟು ಎರಡು ಒದ್ದು, ಕ್ಯಾರಿಯರ್ ತೆಗೆದುಕೊಂಡು ಮುಂದೆ ಹೋದ. ಡ್ರೈವರು ಮಣ್ಣಿನಲ್ಲಿ ತನ್ನ ಹಲ್ಲು ಹುಡುಕುವವನ ಹಾಗೆ ಕೈಯಾಡಿಸುತ್ತಿದ್ದ. ಪೊಲೀಸರು ದೂರದ ಮರದ ನೆರಳಿನಲ್ಲಿದ್ದರು. ಕೊನೆಗೆ ಅವರಲ್ಲಿಬ್ಬರು ಬಂದು ಅವನನ್ನು ಎತ್ತಿಕೊಂಡು ಹೋದರು.

ನಾನು ಅಲ್ಲಿಂದ ಭಾವನ ಶೆಡ್ಡಿಗೆ ಹೋದೆ. ಹೊಸೂರಿನ ನಂಬರು ನೆನಪಿಗೆ ಬಂದಿತ್ತು.

ಬಸ್ಸು ಶೆಡ್ಡಿನ ಪಕ್ಕದ ಖಾಲಿ ಸೈಟಿನಲ್ಲಿ ನಿಂತಿತ್ತು. ಟ್ಯಾಂಕಿನ ಎತ್ತರದಿಂದ ಒಳಗೆ ಹಿಡಿಸುತ್ತಿರಲಿಲ್ಲ. ಭಾವ ಅಷ್ಟರಲ್ಲೇ ನಂಬರ್ ಪ್ಲೇಟಿಗೆ ಗ್ರೀಸು ಬಳಿದು ಮಣ್ಣು ಮೆತ್ತಿದ್ದರು. ಮುಂದಿನ ಗಾಜಿಗೆ ಕೆಂಪು ಹಳದಿ ಬಾವುಟ ಕಟ್ಟಿದ್ದರು. ಮಿಕ್ಕ ಕೆಲಸದವರು ಮನೆ ಸೇರಿದ್ದರು. ಉಳಿದವರು ಇಬ್ಬರು: ವೈರ್‌ಮನ್ ಮತ್ತು ಸೀಟು ಹೊಲಿಯುವವರು. ಈ ಎರಡನೆಯವರನ್ನು ಎಲ್ಲರೂ ಸೀಟಣ್ಣ ಎನ್ನುತ್ತಿದ್ದರು. ಬೇಗೂರಿನಲ್ಲಿ ಹುಟ್ಟಿದವರು, ಅಲ್ಲಿಯ ಕೆರೆಯಲ್ಲಿ ಈಜು ಕಲಿತವರು, ಮನೆಯ ಮಾತು ತಮಿಳು. ಸುತ್ತಲಿನ ಆಟೋಗಳ ಸೀಟು, ಟಾಪು ಎಲ್ಲ ಅವರ ಕೈಯದೇ. ಬೇಗೂರಿನ ದಾರಿಯಲ್ಲಿ ಜನರನ್ನು ನಿಲ್ಲಿಸಿ ಹೆಸರು ಕೇಳುತ್ತಿದ್ದಾರೆಂದು ಸುದ್ದಿ ಬಂದು ಅವರು ಉಳಿದುಕೊಂಡಿದ್ದರು.

“ಹೊರಗೆ ಕಾಣಿಸ್ಕೋಬೇಡಿ. ಬಸ್ಸೊಳಗೆ ಹೋಗಿ ಬರ್ತಿನ ಕೆಳಗೆ ಮಲಕ್ಕೊಳ್ಳಿ, ಬೀಗ ಹಾಕ್ತೀನಿ” ಎಂದರು ಭಾವ.

“ಯಾಕೆ ಸಾರ್, ಇಲ್ಲೇ ಶೆಡ್ಡಲ್ಲಿ ಇರ್ತೀನಿ. ಎಲ್ಲಾ ನಮ್ಮ ಹುಡುಗ್ರೇ.”

“ನಮ್ಮ ಹುಡುಗ್ರೇ ಅಂತಾನೇ ಹೇಳ್ತಿರೋದು. ಹೋಗಿ.”

ಶೆಡ್ಡಿಗೆ ಬಾಗಿಲಿರಲಿಲ್ಲ, ಮುಂಭಾಗ ಪೂರ್ತಿ ಬಯಲು. ಬೀಗ ಇದ್ದದ್ದು ಬಸ್ಸಿಗೆ ಮಾತ್ರ. ಸೀಟಣ್ಣ ಒಳಗೆ ಹೋದರು. ಭಾವ ಪರದೆಗಳನ್ನು ಎಳೆದು, ಬೀಗ ಹಾಕಿ, ಕೀಲಿಯನ್ನು ಅಂಗಿಯ ಜೇಬಿಗೆ ಬಿಟ್ಟುಕೊಂಡರು.

ಗುಂಪು ಓಣಿಗೆ ಬಂದಾಗ ಮೊದಲು ಕಂಡ ಮುಖ ಪರಿಚಯದ್ದೇ. ಮೂಲೆಯ ಸ್ಟ್ಯಾಂಡಿನ ಆಟೋದವನು. ಕೈಯಲ್ಲಿ ಕಬ್ಬಿಣದ ಪೈಪು, ಹಣೆಗೆ ಕುಂಕುಮ. ಹಿಂದೆ ಇಪ್ಪತ್ತು ಮೂವತ್ತು ಜನ.

“ಓನರೇ, ಹಳೇ ಟೈರ್ ಇದ್ರೆ ಕೊಡಿ. ಮೈನ್ ರೋಡಲ್ಲಿ ಖಾಲಿ ಆಗೋಯ್ತು.”

ಭಾವನಿಗೆ ಹಗುರವಾಯಿತೆಂದು ಮುಖದಲ್ಲೇ ಕಂಡಿತು. ಕೇಳಿದ್ದು ಟೈರು, ಬಸ್ಸಲ್ಲ. “ತಗೊಳ್ಳಿ ಗುರು, ಹಿಂದೆ ಬಿದ್ದಿವೆ. ಎಷ್ಟು ಬೇಕೋ ಅಷ್ಟು” ಎಂದು ತಾವೇ ಎರಡನ್ನು ಉರುಳಿಸಿಕೊಟ್ಟರು. ವೈರ್‌ಮನ್ನೂ ಒಂದನ್ನು ತಳ್ಳಿದ. ಅವರು ನಗುತ್ತ, ಮಕ್ಕಳು ಗಾಲಿ ಉರುಳಿಸುವ ಹಾಗೆ ಬಡಿಯುತ್ತ, ಟೈರುಗಳನ್ನು ಹೊಡೆದುಕೊಂಡು ಹೋದರು.

ಮೈನ್ ರೋಡಿನವರೆಗೆ ಹೋಗಲಿಲ್ಲ. ಓಣಿಯ ಬಾಯಲ್ಲೇ ರಾಶಿ ಹಾಕಿ ಬೆಂಕಿಯಿಟ್ಟರು. ಗಾಳಿ ನಮ್ಮ ಕಡೆಗಿತ್ತು. ದಪ್ಪ ಕಪ್ಪು ಹೊಗೆ ನೆಲಕ್ಕಂಟಿಕೊಂಡೇ ಸೈಟಿನೊಳಗೆ ನುಗ್ಗಿತು. ಭಾವ ತಲೆಯೆತ್ತಿ ಬಸ್ಸಿನ ಚಾವಣಿಯ ಗಾಳಿಕಿಂಡಿಯನ್ನು ನೋಡಿದರು. ಅದು ತೆರೆದಿತ್ತು. ಸೆಕೆಗೆಂದು ಸೀಟಣ್ಣ ತೆರೆದುಕೊಂಡಿದ್ದರು.

“ವೈರು ಕೀಳು” ಎಂದರು ಭಾವ. “ಬ್ಯಾಟರಿ ವೈರು, ಬೇಗ!”

ವೈರ್‌ಮನ್ ಓಡಿದ. ಅವನು ಬ್ಯಾಟರಿಯ ಡಬ್ಬಿಯನ್ನು ಮುಟ್ಟುವ ಮೊದಲೇ ಸೈರನ್ ಕೂಗಿತು.

ಅಷ್ಟು ಜನ ಒಟ್ಟಿಗೆ ತಿರುಗಿ ನೋಡಿದರು. ಆಮೇಲೆ ಓಡಿಬಂದರು. ವೈರ್‌ಮನ್ನನ್ನು ಕುತ್ತಿಗೆ ಹಿಡಿದು ಹಿಂದಕ್ಕೆಳೆದರು.

“ಯಾವನೋ ನೀನು? ಏನ್ ಮಾಡ್ತಿದ್ದೆ ಅಲ್ಲಿ? ಕನ್ನಡದಲ್ಲಿ ಮಾತಾಡೋ!”

“ಮಾತಾಡಾಕತ್ತೇನಲ್ಲೋ ಮಾರಾಯಾ. ನಮ್ಮಪ್ಪ ಮಾತಾಡಿದ್ದೂ ಇದ್ನ, ನಮ್ಮವ್ವ ಬೈದಿದ್ದೂ ಇದ್ನ. ನಿನಗ ಯಾವ್ದು ಬೇಕು ಹೇಳು, ಅದರಾಗ ಬೈತೇನಿ.”

ಕೆಲವರು ನಕ್ಕರು. ನಗದ ಒಬ್ಬ ಅವನ ಕಪಾಳಕ್ಕೆ ಬಾರಿಸಿದ. ತುಟಿ ಹಲ್ಲಿಗೆ ಸಿಕ್ಕಿ ಹರಿಯಿತು.

“ಒಳಗೆ ಯಾವನೋ ಇದಾನೆ. ಹಾರ್ನ್ ಒತ್ಕೊಂಡು ಪೊಲೀಸ್ ಕರೀತಾವ್ನೆ” ಎಂದ ಆಟೋದವನು.

“ಒಳಗೆ ಯಾರೂ ಇಲ್ಲ” ಎಂದರು ಭಾವ. ಸೈರನ್ ಮೀರಿಸಿ ಕೂಗಿ ಹೇಳಬೇಕಿತ್ತು, ಕೂಗಿದರು. “ಯಾರೂ ಇಲ್ಲ ಗುರು! ಅದು ಮಿಷಿನ್ನು. ಹೊಗೆ ಕಂಡ್ರೆ ತಾನೇ ಕೂಗುತ್ತೆ. ಸಾಂಬಾರ್ ಒಗ್ಗರಣೆಗೂ ಕೂಗುತ್ತೆ.”

“ಲೇ, ಬಸ್ಸು ಒಗ್ಗರಣೆಗೆ ಅಳುತ್ತಂತೆ ಮಗಾ!”

“ಆಣೆಗೂ ಯಾರೂ ಇಲ್ಲ. ನನ್ನ ಹೆಂಡ್ತಿ ಮೇಲಾಣೆ.”

ಆ ಹೊತ್ತಿಗೆ ಒಬ್ಬ ಕಾಲಿನಿಂದ ನಂಬರ್ ಪ್ಲೇಟು ಉಜ್ಜಿದ. ಮಣ್ಣು ಉದುರಿತು, ಗ್ರೀಸಿನ ಅಡಿಯಿಂದ ಅಕ್ಷರ ಕಂಡಿತು. ಅವನು ಕೂಗಿ ಉಳಿದವರನ್ನು ಕರೆದ. ಆಮೇಲೆ ಆದದ್ದಕ್ಕೆ ಯಾರೂ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಮುಂದಿನ ಗಾಜಿಗೆ ಕಲ್ಲು ಬಿತ್ತು. ಒಬ್ಬ ಶೆಡ್ಡಿಗೆ ಹೋಗಿ ಪೇಂಟಿಗೆ ಬೆರೆಸುವ ಥಿನ್ನರಿನ ಡಬ್ಬ, ಕೈ ಒರೆಸುವ ಬಟ್ಟೆಚೂರುಗಳ ಚೀಲ ಎರಡನ್ನೂ ಎತ್ತಿಕೊಂಡು ಬಂದ. ಇನ್ನೊಬ್ಬ ಬಾವುಟವನ್ನು ಬಿಚ್ಚಿದ. ಅದನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಕಣ್ಣಿಗೊತ್ತಿಕೊಂಡು ಜೇಬಿನಲ್ಲಿಟ್ಟುಕೊಂಡ. “ಬಾವುಟ ಸುಡಬಾರದು” ಎಂದು ಪಕ್ಕದವನಿಗೆ ಹೇಳಿದ.

ಭಾವ ಆಗ ಮಾತು ಬದಲಿಸಿದರು. “ಬೇಡ, ಬೇಡ! ಒಳಗೆ ಜನ ಇದಾರೆ!”

“ಈಗ ತಾನೆ ಯಾರೂ ಇಲ್ಲ ಅಂದ್ಯಲ್ಲೋ.”

“ಇದಾರೆ! ದೇವರಾಣೆಗೂ ಇದಾರೆ!”

“ಬಸ್ಸು ಉಳಿಸ್ಕೊಳ್ಳೋಕೆ ಈಗ ಒಳಗೆ ಜನ ಬಂದ್ರಾ? ಹೆಂಡ್ತಿ ಮೇಲೆ ಆಣೆ ಮಾಡ್ದೆ, ಈಗ ದೇವರ ಮೇಲೆ. ನಾಳೆ ಯಾರ ಮೇಲೆ ಮಾಡ್ತೀಯ?”

ನಾನೂ ಕೂಗಿದೆ. ನನ್ನ ಎದೆಯ ಮೇಲೆ ಪತ್ರಿಕೆಯ ಗುರುತಿನ ಚೀಟಿ ಇತ್ತು. ಒಬ್ಬ ಅದನ್ನು ಹಿಡಿದೆಳೆದು ದಾರ ಹರಿದು ಬಿಸಾಡಿದ. “ನೀನು ಬರ್ಕೊಳಯ್ಯಾ, ಬರ್ಕೊ” ಎಂದ. ನಾಲ್ಕು ಜನ ಭಾವನನ್ನು ಹಿಡಿದುಕೊಂಡರು. ಭಾವ ಒದ್ದಾಡುತ್ತ, ಮೊಣಕೈಯಿಂದ ಒಬ್ಬನ ಮೂಗು ಒಡೆದರು. ಅದಕ್ಕೆ ಅವರ ಹೊಟ್ಟೆಗೆ ಗುದ್ದಿದರು. ಒಳಗಿದ್ದ ಸೀಟಣ್ಣ ಆಗ ಕಿರುಚಿಕೊಂಡಿರಲೇಬೇಕು, ಬಾಗಿಲು ಬಡಿದಿರಲೇಬೇಕು. ಸೈರನ್ನಿನ ಸದ್ದಿನಲ್ಲಿ ಹೊರಗೆ ಏನೂ ಕೇಳಿಸಲಿಲ್ಲ. ಅವರು ಇದ್ದಾರೆಂದು ಊರಿಗೆ ಸಾರಿದ ಯಂತ್ರವೇ ಅವರ ದನಿಯನ್ನು ನುಂಗುತ್ತಿತ್ತು.

ಒಡೆದ ಗಾಜಿನಿಂದ ಉರಿಯುವ ಬಟ್ಟೆಚೂರುಗಳ ಉಂಡೆ ಒಳಗೆ ಹೋಯಿತು. ಅದರ ಹಿಂದೆ ಥಿನ್ನರ್ ಎರಚಿದರು. ಬೆಂಕಿ ಒಂದೇ ಉಸಿರಿಗೆ ಎದ್ದು ಪರದೆಗಳನ್ನು ಹಿಡಿಯಿತು. ತಟ್ಟೆಯಲ್ಲಿ ನೋಡಿದ್ದ ಫೋಮಿನ ವಾಸನೆ ಓಣಿಯ ತುಂಬ ಹಬ್ಬಿತು. ಭಾವ ಆಗ ಮಾಡಿದ ಸದ್ದು ಮಾತಾಗಿರಲಿಲ್ಲ.

ಗಾಜಿನ ಗುಳಿಗೆ ಒಡೆದದ್ದು ಯಾವಾಗ ಎಂದು ನಾನು ಹೇಳಲಾರೆ. ದಪ್ಪ ಕಾಗದದ ಚೀಲ ಒಡೆದಂಥ ಸದ್ದು ಬಂತು. ಬಸ್ಸಿನ ಒಡೆದ ಮುಂಗಾಜಿನಿಂದ ಬಿಳಿ ಪುಡಿ ಮೋಡದಂತೆ ಹೊರಗೆ ನುಗ್ಗಿತು. ಮುಂದೆ ನಿಂತಿದ್ದವರ ಮುಖ, ಕೂದಲು, ಬಾಯಿ ಎಲ್ಲ ಬೆಳ್ಳಗಾಯಿತು.

“ಬಾಂಬು! ಓಡ್ರೋ, ಬಾಂಬಿಟ್ಟವ್ನೆ!”

ಭಾವನನ್ನು ಹಿಡಿದಿದ್ದ ಕೈಗಳು ಸಡಿಲವಾದವು. ಗುಂಪು ಚಪ್ಪಲಿಗಳನ್ನು ಬಿಟ್ಟು ಓಣಿಯ ಬಾಯಿಯವರೆಗೆ ಓಡಿತು, ಅವರದೇ ಟೈರುಗಳ ಬೆಂಕಿಯ ಹತ್ತಿರ ಹೋಗಿ ನಿಂತಿತು. ಬಸ್ಸಿನೊಳಗೆ ಉರಿ ಇರಲಿಲ್ಲ. ಸೈರನ್ ಮಾತ್ರ ಕೂಗುತ್ತಿತ್ತು.

ಭಾವ ಕೀಲಿ ತೆಗೆದು ಬೀಗ ಬಿಚ್ಚುವಷ್ಟು ಹೊತ್ತು ಕಾಯಲಿಲ್ಲ. ಹಿಂದಕ್ಕೆ ಓಡಿ ತುರ್ತು ಕಿಟಕಿಯನ್ನು ಕಾಲಿನಿಂದ ಒದ್ದರು. ಮೂರನೆಯದೋ ನಾಲ್ಕನೆಯದೋ ಒದೆತಕ್ಕೆ ಗಾಜು ಚೌಕಟ್ಟಿನ ಸಮೇತ ಒಳಕ್ಕೆ ಬಿತ್ತು. ನಾನು, ವೈರ್‌ಮನ್ ಅವರ ಹಿಂದೆ ಇದ್ದೆವು. ಒಳಗೆ ಕೈ ಚಾಚಿದರೆ ಮೊದಲು ಸಿಕ್ಕಿದ್ದು ಒಂದು ಪಾದ. ಆ ಪಾದ ನಮ್ಮನ್ನು ಒದೆಯಿತು. ನಾವು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

“ನಾನು ಕಣ್ರೀ! ನಾನು!” ಭಾವ ಕೂಗಿದರು.

ಸೀಟಣ್ಣನನ್ನು ಹೊರಗೆ ಎಳೆದಾಗ ಅವರು ಗೋಡೆಗೆ ಬಳಿಯುವ ಸುಣ್ಣದಲ್ಲಿ ಅದ್ದಿ ತೆಗೆದ ಹಾಗಿದ್ದರು. ಕಣ್ಣು ಮುಚ್ಚಿದ್ದವು. ಕೆಮ್ಮಿದಾಗ ಬಾಯಿಂದ ಪುಡಿ ಬಂತು, ಆಮೇಲೆ ಕಪ್ಪು ಕಫ. ಎಡಗಿವಿಯ ಮೇಲಿನ ಕೂದಲು ಸುಟ್ಟು ಬುರುಡೆಗೆ ಅಂಟಿತ್ತು. ಅದು ಬಿಟ್ಟರೆ ಮೈಮೇಲೆ ದೊಡ್ಡ ಸುಟ್ಟಗಾಯ ಇರಲಿಲ್ಲ. ಭಾವ ಅವರ ಕೆನ್ನೆ ತಟ್ಟುತ್ತ, “ಕೆಲಸ ಮಾಡ್ತು ನೋಡಿ, ಕೆಲಸ ಮಾಡ್ತು” ಎನ್ನುತ್ತಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ.

ಅದು ಬಾಂಬಲ್ಲವೆಂದು ಗುಂಪಿಗೆ ಅಷ್ಟರಲ್ಲಿ ಅರ್ಥವಾಯಿತು. ಓಡಿಹೋದ ಅವಮಾನವೂ ಸೇರಿ ಮೊದಲಿಗಿಂತ ಜೋರಾಗಿ ಬಂದರು. ನಾವು ಸೀಟಣ್ಣನನ್ನು ಎರಡೂ ಕಂಕುಳಿಗೆ ಕೈಕೊಟ್ಟು ಎತ್ತುತ್ತಿದ್ದೆವು. ಯಾರೋ ಒಬ್ಬ, ಇವತ್ತಿಗೂ ಮುಖ ನೆನಪಿಲ್ಲದವನು, ಕಬ್ಬಿಣದ ಸರಳನ್ನು ಎತ್ತಿದ. ಸೀಟಣ್ಣ ತಲೆಗೆ ಬಲಗೈ ಅಡ್ಡ ಹಿಡಿದರು. ಏಟು ಬೆರಳುಗಳ ಮೇಲೆ ಬಿತ್ತು. ಎರಡನೆಯ ಏಟೂ ಅಲ್ಲೇ ಬಿತ್ತು. ಹಸಿ ಕಬ್ಬು ಮುರಿದ ಹಾಗೆ ಸದ್ದಾಯಿತು. ಮೂರನೆಯದಕ್ಕೆ ಭಾವ ತಮ್ಮ ಬೆನ್ನು ಕೊಟ್ಟರು.

ಆಗ ಆಟೋದವನು ಹತ್ತಿರ ಬಂದು ಬಗ್ಗಿ, ಬಿಳಿ ಮುಖವನ್ನು ನೋಡಿದ. ತನ್ನ ಅಂಗಿಯ ತೋಳಿನಿಂದ ಅದನ್ನು ಒರೆಸಿದ.

“ಲೋ, ಸೀಟಣ್ಣ ಕಣ್ರೋ” ಎಂದ. “ಬಿಡ್ರೋ. ಸೀಟಣ್ಣ ಇದು. ಏನಣ್ಣ ನೀನು, ಒಳಗ್ಯಾಕಿದ್ದೆ?”

ಆಟೋದವನು ಪೈಪನ್ನು ಅಡ್ಡ ಹಿಡಿದು ಉಳಿದವರನ್ನು ಹಿಂದಕ್ಕೆ ತಳ್ಳಿದ. “ಕರ್ಕೊಂಡು ಹೋಗಿ, ಬೇಗ ಹೋಗಿ” ಎಂದು ನಮಗೆ ಗದರಿದ. ನಾವು ಸ್ಕೂಟರ್ ಹತ್ತಿರ ಹೋಗುವಾಗ ತಿರುಗಿ ನೋಡಿದೆ. ಥಿನ್ನರಿನ ಡಬ್ಬದಲ್ಲಿ ಉಳಿದದ್ದನ್ನು ಹಿಂದಿನ ಕಿಟಕಿಯಿಂದ ಬಸ್ಸಿನೊಳಗೆ ಸುರಿಯುತ್ತಿದ್ದವನು ಅವನೇ. ಈ ಸಲ ಬೆಂಕಿಯನ್ನು ತಡೆಯುವುದಕ್ಕೆ ಒಳಗೆ ಏನೂ ಉಳಿದಿರಲಿಲ್ಲ. ಸೈರನ್ನು ಕರಗುವವರೆಗೆ ಕೂಗಿತು.

ಸ್ಕೂಟರಿನಲ್ಲಿ ನಾನು ಮುಂದೆ, ನಡುವೆ ಸೀಟಣ್ಣ, ಹಿಂದೆ ಅವರನ್ನು ತಬ್ಬಿಕೊಂಡು ವೈರ್‌ಮನ್. ದೊಡ್ಡ ರಸ್ತೆ ಬಿಟ್ಟು ಜೆ.ಪಿ. ನಗರದ ಅಡ್ಡರಸ್ತೆಗಳಲ್ಲಿ ನುಗ್ಗಿದೆವು. ಮನೆಗಳ ಮುಂದೆ ರಂಗೋಲಿ ಇತ್ತು, ಹೆಂಗಸರು ತಾರಸಿಯ ಮೇಲೆ ನಿಂತು ಹೊಗೆ ನೋಡುತ್ತಿದ್ದರು. ಒಂದು ತಿರುವಿನಲ್ಲಿ ನಮ್ಮನ್ನು ತಡೆದರು. ವೈರ್‌ಮನ್ ಹರಿದ ತುಟಿಯಿಂದಲೇ ಅವರ ತಾಯಿ ತಂದೆಯರನ್ನೆಲ್ಲ ತನ್ನ ಊರಿನ ಕನ್ನಡದಲ್ಲಿ ನೆನೆದ. ದಾರಿ ಬಿಟ್ಟರು.

ಜಯನಗರದ ಆಸ್ಪತ್ರೆಯಲ್ಲಿ ಅಂದು ಕಾರಿಡಾರಿನ ನೆಲದ ಮೇಲೂ ಜನ ಇದ್ದರು. ಡಾಕ್ಟರು ಕಣ್ಣು ತೊಳೆಸಿ, ದೃಷ್ಟಿಗೆ ತೊಂದರೆಯಿಲ್ಲ ಎಂದರು. ಆಮೇಲೆ ಕೈಯನ್ನು ತಿರುಗಿಸಿ ನೋಡಿದರು. ಏನು ಕೆಲಸ ಎಂದು ಕೇಳಿದರು. ಹೊಲಿಗೆ ಎಂದೆ. ಬೆರಳುಗಳು ಉಳಿಯುತ್ತವೆ, ಮಡಚುತ್ತವೋ ಇಲ್ಲವೋ ಹೇಳಲಾಗದು ಎಂದರು. ನಾನು ಕಾಯಿನ್ ಬಾಕ್ಸಿನಿಂದ ಕಚೇರಿಗೆ ಫೋನು ಮಾಡಿ ಕಂಡದ್ದನ್ನು ಹೇಳಿದೆ. ಡೆಸ್ಕಿನವರು ಕೇಳಿದ್ದು ಒಂದೇ, ಸಾವು ಇದೆಯೇ ಎಂದು. ಇಲ್ಲ ಎಂದೆ. ಸರಿ, ಮಿನಿ ಬಸ್ಸು ಭಸ್ಮ ಎಂದು ಹಾಕುತ್ತೇವೆ ಎಂದರು.

ಸಂಜೆಗೆ ಭಾವ ನಡೆದುಕೊಂಡೇ ಬಂದರು. ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಮೈಮೇಲಿನ ಪುಡಿ ಬೆವರಿಗೆ ಹೆಪ್ಪುಗಟ್ಟಿತ್ತು. ಡಾಕ್ಟರಿಗೆ, ನರ್ಸಿಗೆ, ಪಕ್ಕದ ಹಾಸಿಗೆಯವರಿಗೆ, ಕೇಳಿದವರಿಗೆ ಕೇಳದವರಿಗೆ ಎಲ್ಲ ಗುಂಡು ಸಿಲಿಂಡರಿನ ವಿಷಯ ಹೇಳುತ್ತಿದ್ದರು. ಅದು ಇಲ್ಲದಿದ್ದರೆ ಏನಾಗುತ್ತಿತ್ತು, ಗಾಜು ಹೇಗೆ ಒಡೆಯುತ್ತದೆ, ಪುಡಿ ಹೇಗೆ ಬೀಳುತ್ತದೆ. ಯಾರೂ ತಡೆಯಲಿಲ್ಲ.

ಸೀಟಣ್ಣನ ಹೆಂಡತಿ ಬಂದದ್ದು ಆಮೇಲೆ. ಗಾರ್ಮೆಂಟ್ಸ್ ಫ್ಯಾಕ್ಟರಿಯಿಂದ ಹೊರಗೆ ಬಿಟ್ಟಿರಲಿಲ್ಲ; ಬಿಟ್ಟ ಮೇಲೆ ನೇರವಾಗಿ ಶೆಡ್ಡಿಗೆ ಹೋಗಿದ್ದರು. ಅಲ್ಲಿ ಅವರು ಕಂಡದ್ದು ಸುಟ್ಟ ಬಸ್ಸು. ಓನರು ಬೀಗ ಹಾಕಿದ್ದರಂತೆ, ಒಳಗೆ ಒಬ್ಬ ಇದ್ದನಂತೆ ಎಂದು ಯಾರೋ ಹೇಳಿದ್ದರು. ಅವರು ಬೂದಿಯೊಳಗೆ ಕೈಹಾಕಿ ಹುಡುಕಿದ್ದರು; ಆಸ್ಪತ್ರೆಯ ಸುದ್ದಿ ಸಿಕ್ಕಿದ್ದು ಆಮೇಲೆ. ಎರಡೂ ಅಂಗೈ ಬೊಬ್ಬೆ ಎದ್ದಿದ್ದವು. ಅದೇ ಅಂಗೈಗಳಿಂದ ಅವರು ಭಾವನ ಮುಖಕ್ಕೆ ಹೊಡೆದರು. ಒಂದಲ್ಲ, ಎರಡಲ್ಲ. ಭಾವ ಸಿಲಿಂಡರಿನ ಮಾತು ಅರ್ಧಕ್ಕೆ ನಿಲ್ಲಿಸಿದರು. ಕೈ ಅಡ್ಡ ಹಿಡಿಯಲಿಲ್ಲ.

“ಬದುಕಿದಾರಲ್ಲಮ್ಮ” ಎಂದಳು ನರ್ಸು, ಅವರನ್ನು ಹಿಡಿದುಕೊಂಡು.

“ಅದು ನಿಮ್ಗೆ ಗೊತ್ತು. ನನಗೆ ಯಾರ್ ಹೇಳಿದ್ರು? ಬಾಗ್ಲಿಗೆ ಬೀಗ ಹಾಕಿದ್ದೋನು ಇವ್ನು, ಕೇಳಿ ಇವ್ನ! ನಾಯಿನೂ ಹಂಗೆ ಕೂಡಿ ಹಾಕಲ್ಲ!”

ಸೀಟಣ್ಣ ಹಾಸಿಗೆಯಿಂದ ಎಡಗೈ ಎತ್ತಿ ಅವರನ್ನು ಸುಮ್ಮನಿರಿಸಿದರು. ಬಸ್ಸಿನಿಂದ ಹೊರಗೆ ಬಂದ ಮೇಲೆ ಅವರು ಮಾತಾಡಿದ್ದು ಅದೇ ಮೊದಲು. ಗಂಟಲು ಗರಗಸದ ಹಾಗೆ ಇತ್ತು.

“ಸಾರ್, ಒಂದು ಕೇಳ್ತೀನಿ. ಒಳಗೆ ಯಾರೂ ಇಲ್ಲ ಅಂದ್ರಲ್ಲ, ಅದು ನನಗೆ ಕೇಳಿಸ್ತು. ಬಾಗಿಲ ಸಂದಿಗೆ ಕಿವಿ ಇಟ್ಕೊಂಡಿದ್ದೆ. ಆಣೆ ಮಾಡಿದ್ರಿ. ಸರಿ, ನನ್ನ ಉಳಿಸೋಕೆ ಹೇಳ್ತಿದಾರೆ ಅಂದ್ಕೊಂಡೆ. ಆಮೇಲೆ ಡಬ್ಬ ತಂದಾಗ ಇದಾರೆ ಇದಾರೆ ಅಂದ್ರಿ. ಅದೂ ಕೇಳಿಸ್ತು.” ಕೆಮ್ಮು ಬಂತು. ಕಾದರು. “ಅದು ನನಗೋಸ್ಕರಾನಾ, ಬಸ್ಸಿಗೋಸ್ಕರಾನಾ?”

ಭಾವ ಹಾಸಿಗೆಯ ಕಬ್ಬಿಣದ ಕಂಬಿ ಹಿಡಿದು ನಿಂತಿದ್ದರು. ಅವರ ಕೆನ್ನೆಯ ಮೇಲೆ ಬಿಳಿ ಪುಡಿಯಲ್ಲಿ ಬೆರಳುಗಳ ಗುರುತು, ಗುರುತಿನಲ್ಲಿ ಬೂದಿ. ಅವರು ನಿಮಗೋಸ್ಕರ ಎಂದುಬಿಡಬಹುದಿತ್ತು. ಅಲ್ಲಿದ್ದ ಎಲ್ಲರೂ ನಂಬುತ್ತಿದ್ದರು, ನಾನೂ.

“ಆ ಹೊತ್ತಲ್ಲಿ ಗೊತ್ತಾಗ್ಲಿಲ್ಲ” ಎಂದರು.

ಸೀಟಣ್ಣ ತಲೆಯಾಡಿಸಿದರು. ಕೋಪ ಕಾಣಲಿಲ್ಲ. “ನಾನು ನಿಮ್ಮ ಶೆಡ್ಡಿಗೆ ಇನ್ನು ಬರಲ್ಲ ಸಾರ್” ಎಂದರು. “ಕೈ ಸರಿ ಹೋದ್ರೂ ಬರಲ್ಲ.”

ಸೀಟಣ್ಣನ ಹೆಂಡತಿ ಗಂಡನ ಪಕ್ಕ ಕೂತು, ಬೊಬ್ಬೆಯೆದ್ದ ಕೈಯಿಂದ ಸೆರಗಿನ ತುದಿಯನ್ನು ನೀರಿಗದ್ದಿ, ಅವರ ಕಿವಿಯೊಳಗಿನ ಪುಡಿಯನ್ನು ತೆಗೆಯತೊಡಗಿದರು. ತೆಗೆದಷ್ಟೂ ಬರುತ್ತಿತ್ತು. ತಲೆಯೆತ್ತದೆ ಭಾವನಿಗೆ, “ಹೋಗಿ, ನಿಮ್ಮ ಬೆನ್ನಿಗೆ ಔಷಧಿ ಹಾಕಿಸ್ಕೊಳ್ಳಿ. ರಕ್ತ ಸೋರ್ತಿದೆ” ಎಂದರು.